ಊರಿಗೆ ವಾಪಸಾಗುವ ಮುಂಚೆ ಒಂದು ಏಪ್ರಿಲ್ ಇದ್ದು ನೋಡಿ

ಹೊರದೇಶದಲ್ಲಿರುವ ನಮ್ಮ ಕಡೆಯವರು ರಜೆಗೆ ಬರುವುದು ಬಹುಮಟ್ಟಿಗೆ ಡಿಸೆಂಬರ್‌ನಲ್ಲಿ. ಅವರೆಕಾಯಿ ಕಾಲ, ಹಿತವಾದ ಚಳಿ, ಮನೆ ತುಂಬ ಜನ. ಆ ಮೂರು ವಾರ ನೋಡಿ ಕೋಲಾರಕ್ಕೆ ವಾಪಸಾಗುವ ತೀರ್ಮಾನ ಮಾಡಿದರೆ ಲೆಕ್ಕ ತಪ್ಪುತ್ತದೆ. ಬಂದು ನೋಡಬೇಕಾದ್ದು ಏಪ್ರಿಲ್‌ನಲ್ಲಿ. ಹೆಂಡತಿ ಮಕ್ಕಳ ಸಮೇತ ಬನ್ನಿ, ಮುಂದೆ ಎಲ್ಲಿ ಇರಬೇಕು ಅಂದುಕೊಂಡಿದ್ದೀರೋ ಅದೇ ಮನೆಯಲ್ಲಿ ಒಂದು ತಿಂಗಳು ಇರಿ. ಊರಿಗೆ ವಾಪಸಾಗುವ ಅಳುಕು ಅನ್ನುವುದು ಹತ್ತಾರು ಸಣ್ಣ ಪ್ರಶ್ನೆಗಳು ಒಟ್ಟಿಗೆ ಬಂದು ತಲೆ ಮೇಲೆ ಕೂರುವುದರಿಂದ ಹುಟ್ಟುತ್ತದೆ. ಅದರಲ್ಲಿ ಅರ್ಧಕ್ಕೆ ಆ ಒಂದು ತಿಂಗಳಲ್ಲೇ ಉತ್ತರ ಸಿಗುತ್ತದೆ, ಮಿಕ್ಕಿದ್ದು ಕಾಗದಪತ್ರದ ಕೆಲಸ. ಅಮೆರಿಕದಿಂದ ಬರುವಾಗ ನಮ್ಮ ಮನೆಯಲ್ಲಿ ಅನುಸರಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರ, ತುಮಕೂರಿನವರಿಗೂ ಹೆಚ್ಚು ಕಡಿಮೆ ಇದೇ ಹೊಂದುತ್ತದೆ.

ಮೊದಲು ನೀರು. ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆಗಳಲ್ಲೂ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸಾಮಾನ್ಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಆದರೆ ಅದು ಅಂತರ್ಜಲ ತುಂಬುವುದಕ್ಕೆ, ನಲ್ಲಿಗೆ ಬಿಡುವುದಕ್ಕಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ಎರಡು ಸಂಗತಿ ಬರೆದಿಟ್ಟುಕೊಳ್ಳಿ: ಮನೆಯ ಬೋರ್ ಮೋಟರ್ ಎಷ್ಟು ಹೊತ್ತು ಓಡಿದ ಮೇಲೆ ಗಾಳಿ ಎಳೆಯುತ್ತದೆ, ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ 540 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಂದರೆ 4,320 ಲೀಟರ್ ಕೂಡಿಡಬೇಕು. ವಾಷಿಂಗ್ ಮಷೀನು, ಬಂದುಹೋಗುವ ನೆಂಟರು, ಒಂದು ಸಲ ತಪ್ಪಿಹೋದ ನೀರು ಎಲ್ಲ ಸೇರಿಸಿದರೆ ಹತ್ತು ಸಾವಿರ ಲೀಟರಿನ ಸಂಪು ಬೇಕೇ ಬೇಕು. ಹಳೇ ಮನೆಗಳ ಸಂಪು ಮೂರು ನಾಲ್ಕು ಸಾವಿರದ್ದಿರುತ್ತದೆ. ಒಂದು ಟ್ಯಾಂಕರ್ ತರಿಸಿದರೂ ಅದರಲ್ಲಿ ಹಿಡಿಯುವುದಿಲ್ಲ, ದುಡ್ಡು ಮಾತ್ರ ಇಡೀ ಟ್ಯಾಂಕರಿಗೆ ಕೊಡಬೇಕು. ಸಂಪು ದೊಡ್ಡದು ಮಾಡಿಸುವ ಕೆಲಸ ನೀವು ಬಂದು ಇಳಿಯುವ ಮುಂಚೆ ಮುಗಿದಿರಲಿ. ಮನೆಯಲ್ಲಿ ಸಾಮಾನು ತುಂಬಿದ ಮೇಲೆ ಅಂಗಳ ಅಗೆಸುವುದು ರೇಜಿಗೆ.

ನೀರನ್ನು ಲ್ಯಾಬಿಗೂ ಕೊಡಿ. ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ಕಡೇ ಮಿತಿ. ಹಲ್ಲು ಇನ್ನೂ ಬೆಳೆಯುತ್ತಿರುವ ಮಕ್ಕಳಿದ್ದರೆ ಇದನ್ನು ಉಪೇಕ್ಷೆ ಮಾಡಬೇಡಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕ್ಯಾಂಡಲ್ ಫಿಲ್ಟರಿಂದಲೂ ಹೋಗುವುದಿಲ್ಲ, ಆರ್‌ಒ ಬೇಕು. ಅಥವಾ ಬೀದಿಯಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತದೆ, ಅದರ ಮೆಂಬ್ರೇನ್ ಯಾವಾಗ ಬದಲಾಯಿಸಿದರು ಅಂತ ಕೇಳಿ.

ಕರೆಂಟು ಈಗ ಮೊದಲಿನಷ್ಟು ಹೋಗುವುದಿಲ್ಲ. ಆದರೆ ರಾತ್ರಿ ಹೊತ್ತು ಅಮೆರಿಕದವರ ಜೊತೆ ಕೆಲಸ ಮಾಡುವವರಿಗೆ ಹತ್ತು ನಿಮಿಷ ಹೋದರೂ ಹೋದಂತೆಯೇ. ಲೆಕ್ಕ ಹೀಗೆ: ಮೂರು ಫ್ಯಾನು 210 ವ್ಯಾಟ್, ನಾಲ್ಕು ಎಲ್‌ಇಡಿ ದೀಪ 40, ಲ್ಯಾಪ್‌ಟಾಪ್ 65, ರೂಟರ್ 15, ಒಟ್ಟು 330. 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಇರುವುದು ಅದರ 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರಿನಲ್ಲೂ ಒಂದಿಷ್ಟು ಸೋರಿಹೋಗುತ್ತದೆ, ಕೈಗೆ ಸಿಗುವುದು ಸುಮಾರು 1,150. ಅಂದರೆ ಮೂರೂವರೆ ಗಂಟೆ. ರೂಟರಿಗೆ ಬೇರೆಯದೇ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿ, ಏಕೆಂದರೆ ಕರೆಂಟಿನಿಂದ ಇನ್ವರ್ಟರಿಗೆ ಬದಲಾಗುವ ಆ ಅರೆಕ್ಷಣದಲ್ಲಿ ಕೆಲವು ರೂಟರ್‌ಗಳು ರೀಸ್ಟಾರ್ಟ್ ಆಗಿ ಮೀಟಿಂಗು ಕಟ್ ಆಗುತ್ತದೆ. ಬ್ರಾಡ್‌ಬ್ಯಾಂಡ್ ಎರಡು ಇರಲಿ, ಅದರಲ್ಲೂ ಒಂದೇ ಕಂಬದ ಮೇಲೆ ಬರುವ ಎರಡು ಬೇಡ.

ಇನ್ನು ಜಮೀನು. ಅಳುಕಿನ ಬೇರು ಎಷ್ಟೋ ಮನೆಗಳಲ್ಲಿ ಇಲ್ಲೇ ಇರುತ್ತದೆ, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ ಅಷ್ಟೇ. ಸರ್ಕಾರದ ಭೂದಾಖಲೆಗಳಿರುವ ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು ಮತ್ತು ಅವರವರ ವಿಸ್ತೀರ್ಣ, 10ರಲ್ಲಿ ಅದು ಯಾವ ರೀತಿಯಲ್ಲಿ ಬಂತು ಅಂತ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರ್ ಸಮೇತ, 11ರಲ್ಲಿ ಸಾಲ ಮತ್ತಿತರ ಹಕ್ಕುಗಳು, 12ರಲ್ಲಿ ಸಾಗುವಳಿ. 9ರಲ್ಲಿ ತೀರಿಕೊಂಡ ತಾತನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ ಅಂತ ಅರ್ಥ. 11ರಲ್ಲಿ ಎಂದೋ ತೀರಿಸಿದ ಸೊಸೈಟಿ ಸಾಲ ಹಾಗೇ ನಿಂತಿರುವುದೂ ಉಂಟು. ಸಾಲ ಕೊಟ್ಟವರಿಂದ ಋಣಮುಕ್ತ ಪತ್ರ ತಂದು ತೆಗೆಸಬೇಕು. ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಡಿಸುವ ಹಳೇ ಚಾಳಿಗೆ ಒಪ್ಪಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಬಿಟ್ಟ ಹೆಸರು ಮುಂದೆ ಕೋರ್ಟಿನಲ್ಲಿ ಎದ್ದು ಬರುತ್ತದೆ. ಮನೆ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು, ನಗರಸಭೆಯಲ್ಲಿದ್ದರೆ ಇ-ಖಾತೆ (ಎರಡೂ ಆಸ್ತಿಯ ಡಿಜಿಟಲ್ ದಾಖಲೆ) ಆಗಿದೆಯೋ ನೋಡಿ, ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ.

ದೂರದಿಂದಲೇ ಇದೆಲ್ಲ ಮಾಡಿಸಲು ಅಣ್ಣನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಯಾವ ಸರ್ವೆ ನಂಬರು, ಯಾವ ಕೆಲಸ ಅಂತ ಬರೆದು ಅಷ್ಟಕ್ಕೇ ಕೊಡಿ. ಮಾರುವ ಅಧಿಕಾರ ಸೇರಿಸುವ ಅಗತ್ಯ ಇಲ್ಲ. ಭಾರತದ ದೂತಾವಾಸದಲ್ಲಿ ಸಹಿ ಮಾಡಿದ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಗಡುವು ದಾಟಿದ ಪತ್ರ ಹಿಡಿದು ಕಚೇರಿ ಅಲೆಯುವವರು ಬಹಳ. ವಾಪಸಾದ ಮೇಲೆ ಅದನ್ನು ರದ್ದು ಮಾಡಿಸಿ, ಹಾಗೆ ಮಾಡಿಸುತ್ತೇನೆ ಅಂತ ಕೊಡುವಾಗಲೇ ಹೇಳಿಬಿಡಿ. ಹೊಸದಾಗಿ ಕೃಷಿ ಜಮೀನು ಕೊಳ್ಳುವ ಆಸೆ ಇದ್ದರೆ, ಎನ್‌ಆರ್‌ಐ ಆಗಿರುವಷ್ಟು ದಿನ ಕೊಳ್ಳುವ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಸರಿ. ಕೃಷಿ ಜಮೀನು ಕೊಳ್ಳುವವರಿಗೆ ನಿರ್ಬಂಧ ಹಾಕಿದ್ದ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾದವು ನಿಜ, ಆದರೆ ಈ ನಿರ್ಬಂಧ ವಿದೇಶಿ ವಿನಿಮಯದ ಕಾಯ್ದೆಯದ್ದು, ಅದು ಬೇರೆ. ಒಸಿಐ ಕಾರ್ಡಿನವರಿಗೂ, ಅಂದರೆ ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೂ, ಇದು ಅನ್ವಯ.

ಯಾವಾಗ ಬರಬೇಕು ಅನ್ನುವುದು ತೆರಿಗೆಗೆ ಗಂಟು ಬಿದ್ದ ಪ್ರಶ್ನೆ. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. 60 ದಿನವೇ ಇದ್ದರೂ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿ ಕಳೆದಿದ್ದರೆ ಆಗಲೂ ನಿವಾಸಿ ಆಗಬಹುದು. ಹಾಗೆ ಕಳೆದಿರದವರು, ಅದೇ ಆರ್ಥಿಕ ವರ್ಷದಲ್ಲಿ ಅದಕ್ಕೆ ಮುಂಚೆ ಇಲ್ಲಿ ಬಂದು ಇದ್ದಿರದಿದ್ದರೆ, ಅಕ್ಟೋಬರ್ ಮೊದಲ ವಾರ ದಾಟಿಸಿ ಬಂದರೆ ಆ ವರ್ಷ ಎನ್‌ಆರ್‌ಐ ಆಗಿಯೇ ಉಳಿಯುತ್ತಾರೆ. ಆಮೇಲೆ ಬರುವುದು ಆರ್‌ಎನ್‌ಒಆರ್ ಸ್ಥಿತಿ: ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷದಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ ಇದು ಸಿಗುತ್ತದೆ. ದೀರ್ಘಕಾಲ ಹೊರಗಿದ್ದವರಿಗೆ ಸಾಮಾನ್ಯವಾಗಿ ಎರಡು ವರ್ಷ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಇದರ ತಿರುಳು ಬದಲಾಗಿಲ್ಲ. ಈ ಅವಧಿಯಲ್ಲಿ ಹೊರದೇಶದ ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಏರಿರುವ ಷೇರುಗಳನ್ನು ಮಾರಿ ಮತ್ತೆ ಕೊಳ್ಳಬೇಕಿದ್ದರೆ ಇದೇ ಸಮಯ. ಗ್ರೀನ್ ಕಾರ್ಡ್ ಅಥವಾ ಅಮೆರಿಕದ ಪೌರತ್ವ ಉಳಿಸಿಕೊಂಡವರನ್ನು ಮಾತ್ರ ಅಲ್ಲಿಯ ತೆರಿಗೆ ಬಿಡುವುದಿಲ್ಲ.

ಮಕ್ಕಳಿದ್ದರೆ ಶಾಲೆ ಜೂನ್‌ನಲ್ಲಿ ಶುರು, ತೆರಿಗೆ ಅಕ್ಟೋಬರ್ ಅನ್ನುತ್ತದೆ. ನನ್ನ ಮಟ್ಟಿಗೆ ಶಾಲೆಯೇ ಮುಂದು. ಆರ್‌ಎನ್‌ಒಆರ್ ಅರ್ಹತೆ ಇರುವವರು ಮೇ ತಿಂಗಳಲ್ಲಿ ಬಂದರೂ ಆ ವರ್ಷದ ಹೊರದೇಶದ ಆದಾಯಕ್ಕೆ ರಕ್ಷಣೆ ಇದ್ದೇ ಇರುತ್ತದೆ. ಅವಧಿ ಸ್ವಲ್ಪ ಬೇಗ ಮುಗಿಯುತ್ತದೆ, ಅಷ್ಟೇ. ಮಗುವನ್ನು ಅಕ್ಟೋಬರ್‌ನಲ್ಲಿ, ಶಾಲೆಯ ವರ್ಷದ ನಡುವೆ, ತರಗತಿಗೆ ನೂಕುವುದು ಅದಕ್ಕಿಂತ ದುಬಾರಿ.

ಬ್ಯಾಂಕಿನ ವಿಷಯ ಗೊಂದಲ ಮಾಡಿಕೊಳ್ಳಬೇಡಿ. ತೆರಿಗೆಯಲ್ಲಿ ಇನ್ನೂ ಎನ್‌ಆರ್‌ಐ ಆಗಿದ್ದರೂ, ನೆಲೆಸುವ ಉದ್ದೇಶದಿಂದ ಬಂದಿಳಿದ ದಿನದಿಂದಲೇ ವಿದೇಶಿ ವಿನಿಮಯದ ಕಾಯ್ದೆ ಪ್ರಕಾರ ನೀವು ಇಲ್ಲಿಯವರು. ಎನ್‌ಆರ್‌ಇ (ಹೊರದೇಶದ ಗಳಿಕೆ ಇಡುವ), ಎನ್‌ಆರ್‌ಒ (ಇಲ್ಲಿಯ ಆದಾಯ ಇಡುವ) ಖಾತೆಗಳನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿಯೂ ಅಲ್ಲಿಗೆ ನಿಲ್ಲುತ್ತದೆ. ಡಾಲರ್ ಆಗಿಯೇ ಇಡಬೇಕೆಂದರೆ ಆರ್‌ಎಫ್‌ಸಿ, ಅಂದರೆ ನಿವಾಸಿಗಳ ವಿದೇಶಿ ಕರೆನ್ಸಿ ಖಾತೆ ತೆರೆಯಿರಿ. ಅನಿವಾಸಿಯಾಗಿದ್ದಾಗ ವಿದೇಶಿ ಕರೆನ್ಸಿಯಲ್ಲಿಟ್ಟ ಎಫ್‌ಸಿಎನ್‌ಆರ್ ಠೇವಣಿ ಅವಧಿ ಮುಗಿಯುವವರೆಗೆ ಹಾಗೇ ಮುಂದುವರಿಯಬಹುದು. ಜಿಲ್ಲಾ ಕೇಂದ್ರದ ಶಾಖೆಗಳಲ್ಲಿ ಆರ್‌ಎಫ್‌ಸಿ ಅಂದರೆ ಕಣ್ಣುಕಣ್ಣು ಬಿಡುವುದು ಹೆಚ್ಚು, ಬೆಂಗಳೂರಿನ ಎನ್‌ಆರ್‌ಐ ಶಾಖೆಗೆ ಒಂದು ಸಲ ಹೋಗಿ ಮುಗಿಸಿಬಿಡಿ. ಅಮೆರಿಕದ 401(ಕೆ) ನಿವೃತ್ತಿ ಉಳಿತಾಯದ ಹಣವನ್ನು ಭಯಕ್ಕೆ ಒಡೆಯಬೇಡಿ: 59½ ವಯಸ್ಸಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ ತೆಗೆದ ಹಣದ ಶೇ. 10 ದಂಡ. ಅಲ್ಲೇ ಬೆಳೆಯಲು ಬಿಟ್ಟರೆ, ಸಾಮಾನ್ಯ ನಿವಾಸಿಯಾದ ಮೇಲೆ ಇಲ್ಲಿಯ ಆದಾಯ ತೆರಿಗೆ ಇಲಾಖೆಗೆ ನಿಗದಿತ ಅರ್ಜಿ ಕೊಟ್ಟು ತೆರಿಗೆಯನ್ನು ಹಣ ತೆಗೆಯುವ ವರ್ಷಕ್ಕೆ ಮುಂದೂಡುವ ಅವಕಾಶ ಇದೆ. ಸಾಮಾನ್ಯ ನಿವಾಸಿಯಾದ ವರ್ಷದಿಂದ ಹೊರದೇಶದ ಪ್ರತಿ ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಬಿಟ್ಟರೆ ಹತ್ತು ಲಕ್ಷ ರೂಪಾಯಿ ದಂಡ ಬೀಳಬಹುದು, ಹಾಗಾಗಿ ಉಪಯೋಗಿಸದ ಚಿಲ್ಲರೆ ಖಾತೆಗಳನ್ನು ಅಲ್ಲಿರುವಾಗಲೇ ಮುಚ್ಚಿ.

ಫೋನ್ ನಂಬರು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ಆದರೆ ಬಂದ ಮೊದಲ ವಾರ ಎಲ್ಲ ಕೆಲಸವೂ ನಿಲ್ಲುವುದು ಇಲ್ಲೇ. ಇಲ್ಲಿಯ ಸಿಮ್ 90 ದಿನ ಬಳಸದಿದ್ದರೆ ನಿಂತುಹೋಗಿ ಆಮೇಲೆ ಬೇರೆಯವರ ಪಾಲಾಗುತ್ತದೆ. ಆಧಾರ್‌ಗೆ ಅದೇ ನಂಬರ್ ಇದ್ದರೆ ಪ್ಯಾನ್, ಬ್ಯಾಂಕು, ಪಹಣಿ, ಕಾವೇರಿ ಯಾವುದರ ಒಟಿಪಿಯೂ ಬರುವುದಿಲ್ಲ. ಏಪ್ರಿಲ್‌ನಲ್ಲಿ ಬಂದಾಗಲೇ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ, ಸಿಮ್ ಜೀವಂತ ಇಡಿ. ಅಮೆರಿಕದ ನಂಬರನ್ನೂ ಕಡಿಮೆ ದರದ, ವೈಫೈ ಕಾಲಿಂಗ್ ಇರುವ ಇ-ಸಿಮ್‌ಗೆ ಹಾಕಿಟ್ಟುಕೊಳ್ಳಿ. ಗೂಗಲ್ ವಾಯ್ಸ್‌ಗೆ ಹಾಕಿದ ನಂಬರಿಗೆ ಕೆಲವು ಬ್ಯಾಂಕುಗಳು ಒಟಿಪಿ ಕಳಿಸುವುದಿಲ್ಲ.

ಆರೋಗ್ಯ ವಿಮೆಯನ್ನು ಅಲ್ಲಿರುವಾಗಲೇ ಇಲ್ಲಿಯ ಕಂಪನಿಯಿಂದ ತೆಗೆದುಕೊಳ್ಳಿ, ಎನ್‌ಆರ್‌ಐಗೂ ಕೊಡುತ್ತಾರೆ. ಈಗಾಗಲೇ ಇರುವ ಸಕ್ಕರೆ, ಬಿಪಿಗೆ ಕಾಯುವ ಅವಧಿ 36 ತಿಂಗಳವರೆಗೂ ಇರಬಹುದು, ಆ ಗಡಿಯಾರ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಅಪ್ಪ ಅಮ್ಮನಿಗೆ ಬೇರೆಯದೇ ಪಾಲಿಸಿ ಮಾಡಿಸಿ. ಮನೆಯವರಿಗೆಲ್ಲ ಸೇರಿ ಇರುವ ಒಂದೇ ಫ್ಲೋಟರ್ ಪಾಲಿಸಿಗೆ ಸೇರಿಸಿದರೆ ಮನೆಯ ಹಿರಿಯರ ವಯಸ್ಸಿನ ಮೇಲೆ ಎಲ್ಲರ ಪ್ರೀಮಿಯಂ ನಿಲ್ಲುತ್ತದೆ. ಮೊದಲಿನ ಕಾಯಿಲೆ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರವಾಗುವ ಕಾರಣಗಳಲ್ಲಿ ಅದೂ ಒಂದು.

ಮಕ್ಕಳ ವಿಷಯದಲ್ಲಿ ಕನ್ನಡ ಓದು ಬರಹ ಬರುವ ಮುಂಚೆಯೇ ಶುರುವಾಗಲಿ. ಮನೆಯಲ್ಲಿ ಮಾತು ಬಂದರೆ ಸಾಲದು, ಒತ್ತಕ್ಷರದಲ್ಲಿ ಎಡವುತ್ತಾರೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇರುವುದರಿಂದ ಶಾಲೆಯಲ್ಲಿ ಕನ್ನಡ ಎಷ್ಟನೇ ಭಾಷೆ, ಹೊಸದಾಗಿ ಬಂದ ಮಗುವಿಗೆ ಏನು ಮಾಡುತ್ತಾರೆ ಅಂತ ಅರ್ಜಿ ಕೊಡುವಾಗಲೇ ಕೇಳಿ. ನಮ್ಮ ಕೋಲಾರದಲ್ಲಂತೂ ಆಟದ ಮೈದಾನದಲ್ಲಿ ತೆಲುಗೂ ಕಿವಿಗೆ ಬೀಳುತ್ತದೆ, ಮಕ್ಕಳು ಅದಕ್ಕೆ ನಮಗಿಂತ ಬೇಗ ಹೊಂದಿಕೊಳ್ಳುತ್ತಾರೆ. ಜನನ ಪತ್ರ, ಅಂಕಪಟ್ಟಿ, ಟಿಸಿಗೆ ಅಲ್ಲೇ ಅಪೊಸ್ಟಿಲ್ (ಬೇರೆ ದೇಶದಲ್ಲಿ ನಡೆಯುವಂತೆ ಕೊಡುವ ಸರ್ಕಾರಿ ದೃಢೀಕರಣ) ಮಾಡಿಸಿ ತನ್ನಿ, ಇಲ್ಲಿ ಕೂತು ಮಾಡಿಸುವುದು ತಿಂಗಳುಗಟ್ಟಲೆ ಕೆಲಸ. ಲಸಿಕೆ ಪಟ್ಟಿಯೂ ಜೊತೆಗಿರಲಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ 120 ವೋಲ್ಟ್, 60 ಹರ್ಟ್ಸಿನ ಮಿಕ್ಸಿ, ವಾಷಿಂಗ್ ಮಷೀನು ಇಲ್ಲಿಯ 230ಕ್ಕೆ ಬೇಡ, ದಾನ ಕೊಟ್ಟು ಬನ್ನಿ. ಪುಸ್ತಕ, ಪಾತ್ರೆ, ಮಕ್ಕಳ ಸೈಕಲ್ ಸಾಕು. ಡಿಎಲ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು, 40 ದಾಟಿದವರಿಗೆ ಡಾಕ್ಟರ ಸಹಿಯ ಫಾರಂ 1ಎ ಬೇಕು.

ಬೀದಿಯಲ್ಲಿ, ಮದುವೆ ಮನೆಯಲ್ಲಿ ಬರುವ ಪ್ರಶ್ನೆ ಒಂದೇ: "ಯಾಕಪ್ಪಾ, ಕೆಲ್ಸ ಹೋಯ್ತಾ?" ಗಂಡ ಹೆಂಡತಿ ಇಬ್ಬರೂ ಒಂದೇ ಉತ್ತರ ಮೊದಲೇ ಗೊತ್ತು ಮಾಡಿಕೊಳ್ಳಿ, "ಅಪ್ಪ ಅಮ್ಮ ಇಲ್ಲೇ ಇದ್ದಾರಲ್ಲ, ಬಂದ್ವಿ" ಅಂದರೆ ಸಾಕು. ಸಾಲ ಕೇಳಿ ಬರುವವರಿಗೂ ಹಾಗೆಯೇ. ಮೊದಲ ವರ್ಷ ಯಾರಿಗೆ ಎಷ್ಟು ಕೊಡಬಹುದು ಅನ್ನುವ ಒಟ್ಟು ಮೊತ್ತ ಮನೆಯೊಳಗೆ ತೀರ್ಮಾನ ಮಾಡಿ ಬೇರೆ ಖಾತೆಯಲ್ಲಿಡಿ. ವಾಪಸ್ ಬಾರದಿದ್ದರೂ ನಡೆಯುತ್ತದೆ ಅನ್ನುವಷ್ಟೇ ಅದರಲ್ಲಿರಲಿ, ಮಿಕ್ಕಿದ್ದು ಠೇವಣಿಯಲ್ಲಿ ಕೂತಿರಲಿ. ಸೈಟು ತೋರಿಸಲು ಬರುವ ಬ್ರೋಕರ್‌ಗಳಿಗೆ ಮುಂದಿನ ಏಪ್ರಿಲ್ ಕಳೆದ ಮೇಲೆ ಬನ್ನಿ ಅಂತ ಹೇಳಿ ಕಳಿಸಿ.