ಜುವಾರಿ ದಡದಲ್ಲಿ ಎರಡು ಹಲಗೆ ನಿಲ್ಸಿದ್ದು

ಜರ್ಮನಿಯ ಹ್ಯಾಂಬರ್ಗ್ ಬಂದರು ಕಡಲ ಮೇಲಿಲ್ಲ, ಎಲ್ಬೆ ನದೀಲಿ ನೂರು ಕಿಲೋಮೀಟರ್ ಒಳಗಿದೆ. ಆ ನದಿ ದಾರಿ ಬಲ್ಲ ಪೈಲಟ್ ಪಕ್ಕದಲ್ಲಿ ನಿಂತು ಹೇಳ್ತಾನೆ, ಆದ್ರೆ ಸುಕ್ಕಾಣಿ ನಮ್ಮಂಥ ಹಡಗಿನ ನಾವಿಕರ ಕೈಲಿ. ಅಲ್ಲಿ ದಾರಿ ತೋರಿಸೋದು ಜೋಡಿ ದೀಪಸ್ತಂಭಗಳು, ಮುಂದಿನದು ಗಿಡ್ಡ, ಹಿಂದಿನದು ಎತ್ತರ. ಎರಡೂ ಒಂದರ ಮೇಲೊಂದು ನೆಟ್ಟಗೆ ಕಂಡ್ರೆ ನೀವು ಸರಿಯಾದ ಗೆರೆ ಮೇಲಿದ್ದೀರಿ. ಹಡಗಲ್ಲಿ ಇದಕ್ಕೆ ಲೀಡಿಂಗ್ ಲೈಟ್ ಅಂತೀವಿ.

ಈಗ ನಾನು ಗೋವಾದ ವಾಸ್ಕೋ ಹತ್ರ ಸಣ್ಣ ಫೈಬರ್ ದೋಣಿ ಇಟ್ಕೊಂಡಿದೀನಿ, ಜೊತೆಗೆ ಹಾವೇರಿ ಕಡೆಯ ಒಬ್ಬ ಹುಡುಗ. ಜುವಾರಿ ನದಿಯಿಂದ ನಾವು ದೋಣಿ ಕಟ್ಟೋ ಜಾಗಕ್ಕೆ ಬರೋಕೆ ಸುಮಾರು 200 ಮೀಟರ್ ಉದ್ದದ ಓಣಿ ಥರದ ನೀರು, ಇಳಿತದಲ್ಲಿ ಎರಡೂ ಕಡೆ ಕೆಸರು ಎದ್ದು ನಿಲ್ಲುತ್ತೆ, ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸಿದ್ರೂ ಅಲ್ಲಿ ಕಥೆ ಮುಗೀತು. ಹಾಗಾಗಿ ಎಲ್ಬೆ ಲೆಕ್ಕಾನೇ ಇಲ್ಲಿ ಹಾಕ್ದೆ.

ಅಮಾವಾಸ್ಯೆ ಇಳಿತ ನೋಡ್ಕೊಂಡು ಗಳ ಇಳಿಸಿ ಆಳ ಅಳೆದ್ವಿ, ಓಣಿಯ ಎರಡೂ ತುದೀಲಿ ನಟ್ಟನಡುವೆ ಒಂದೊಂದು ಥರ್ಮೋಕೋಲ್ ತೇಲು ಕಲ್ಲು ಕಟ್ಟಿ ಬಿಟ್ವಿ. ಆಮೇಲೆ ನಾನು ದಡಕ್ಕೆ ಹೋಗಿ ಆ ಎರಡು ತೇಲು ಒಂದರ ಹಿಂದೊಂದು ಕಾಣೋ ತನಕ ಆಚೀಚೆ ಸರಿದೆ. ಸಿಕ್ಕಿದ ಜಾಗದಲ್ಲಿ ಹಲಗೆ ಕಟ್ಟಿದ ಮುಂದಿನ ಬಿದಿರು. ಅದೇ ನೇರಕ್ಕೆ ಹಿಂದೆ ಸರೀತಾ ಹೋಗಿ ಇನ್ನೊಂದು, ಅದು ಎತ್ತರ.

ಹುಡುಗ "ಅಣ್ಣಾ, ಎರಡೂ ಇಲ್ಲೇ ಹತ್ರ ಹತ್ರ ಹುಗಿಯೋಣಲ್ಲ, ಅಷ್ಟು ದೂರ ಯಾಕ ಹೊರಬೇಕು" ಅಂದ. ಅದೇ ಇದರ ಜೀವ ಮಾರಾಯಾ ಅಂದೆ. ನೋಡಿ, ಮುಂದಿನ ಹಲಗೆಯಿಂದ 200 ಮೀಟರ್ ದೂರದಲ್ಲಿ ದೋಣಿ ಗೆರೆ ಬಿಟ್ಟು 5 ಮೀಟರ್ ಸರಿದಿದೆ ಅಂದ್ಕೊಳ್ಳಿ. ಹಲಗೆಗಳ ಮಧ್ಯೆ 3 ಮೀಟರ್ ಅಷ್ಟೇ ಇದ್ರೆ ಹಿಂದಿನದು ಮುಂದಿನದಕ್ಕಿಂತ ಬರೀ 7 ಸೆಂಟಿಮೀಟರ್ ಸರಿದ ಹಾಗೆ ಕಾಣುತ್ತೆ, ಅಷ್ಟು ದೂರದಿಂದ ಯಾರ ಕಣ್ಣಿಗೆ ಬೀಳುತ್ತೆ. 25 ಮೀಟರ್ ಬಿಟ್ರೆ ಅರ್ಧ ಮೀಟರಿಗಿಂತ ಜಾಸ್ತಿ. ನಾನು 25 ಬಿಟ್ಟೆ. ಹಿಂದಿನ ಬಿದಿರು ಪಕ್ಕದವರ ತೆಂಗಿನ ತೋಟದೊಳಗೆ ಹೋಯ್ತು, ಕೇಳಿಕೊಂಡು ಹುಗಿದ್ವಿ, ಮೀನು ಕೊಡೋದು ಇದ್ದೇ ಇದೆ.

ದೀಪ ಹಾಕ್ಲಿಲ್ಲ. ದಡದಲ್ಲಿ ಮನಸ್ಸಿಗೆ ಬಂದಂಗೆ ಲೈಟ್ ಹಚ್ಚಿದ್ರೆ ಬೇರೆ ದೋಣಿಯೋರು ದಾರಿ ತಪ್ತಾರೆ, ಅದಕ್ಕೆ ಬಂದರು ಇಲಾಖೆ ಪರ್ಮಿಶನ್ನೂ ಬೇಕು. ಬಿಳಿ ಬಣ್ಣದ ಹಲಗೆ, ಮೇಲೆ ಲಾರಿಗೆ ಅಂಟಿಸ್ತಾರಲ್ಲ ಆ ರೇಡಿಯಂ ಪಟ್ಟಿ. ರಾತ್ರಿ ದೋಣಿಯಿಂದ ಟಾರ್ಚ್ ಬಿಟ್ರೆ ಹೊಳೆಯುತ್ತೆ.

ಒಳಗೆ ಬರುವಾಗ ಮೇಲಿನ ಹಲಗೆ, ಅಂದ್ರೆ ಹಿಂದಿನ ಎತ್ತರದ್ದು, ಬಲಕ್ಕೆ ಕಂಡ್ರೆ ದೋಣಿಯೂ ಗೆರೆಯ ಬಲಕ್ಕಿದೆ, ಎಡಕ್ಕೆ ತಗೋಬೇಕು. ಅಂದ್ರೆ ಕೆಳಗಿನ ಹಲಗೆ ಸರಿದ ಕಡೆಗೇ ತಿರುಗೋದು. ಹೊರಗೆ ಹೋಗುವಾಗ ಹಿಂದೆ ತಿರುಗಿ ನೋಡಿ ಎಡ ಬಲ ಅಂತ ಲೆಕ್ಕ ಹಾಕಿದ್ರೆ ಉಲ್ಟಾ ಆಗುತ್ತೆ, ಹುಷಾರು. ಇನ್ನೊಂದು, ಇಳಿತದ ಸೆಳೆತ ಅಡ್ಡಕ್ಕೆ ಹೊಡೀತಿರುತ್ತೆ, ಆಗ ದೋಣಿ ಮೂತಿ ಹಲಗೆ ಕಡೆ ನೆಟ್ಟಗಿಟ್ರೆ ಕೆಸರಿಗೇ ಹೋಗ್ತೀರಿ. ಮೂತಿ ಸ್ವಲ್ಪ ಸೆಳೆತದ ಎದುರಿಗೆ ತಿರುಗಿರ್ಲಿ, ಹಲಗೆ ಎರಡೂ ಕೂಡಿರ್ಬೇಕು ಅಷ್ಟೇ. ಹೊಸಬರಿಗೆ ಇದನ್ನ ನಂಬಿಸೋದೇ ಕಷ್ಟ.

ಮಳೆಗಾಲ ಕಳೆದ್ಮೇಲೆ ಓಣಿ ಜಾಗ ಬದಲಿಸುತ್ತೆ, ಮತ್ತೆ ತೇಲು ಬಿಟ್ಟು ಬಿದಿರು ಕಿತ್ತು ಹುಗೀಬೇಕು. ಎಲ್ಬೆಯಲ್ಲೂ ಅಷ್ಟೇ, ನದೀಲಿ ಹಡಗಿನ ದಾರಿ ಅಗಲ ಮಾಡಿದಾಗ ಹ್ಯಾಂಬರ್ಗಿನ ಬ್ಲಾಂಕೆನೇಸೆ ಹತ್ರ 1984ರ ಜೋಡಿ ಬಿಟ್ಟು 2020ರಲ್ಲಿ ಹೊಸ ಗೆರೆಗೆ ಹೊಸ ಜೋಡಿ ಹಚ್ಚಿದ್ರು, ಹಿಂದಿನದು 60 ಮೀಟರ್ ದಾಟಿದ ಗೋಪುರ. ನಮ್ದು ಬಿದಿರು, ಒಂದು ಬೆಳಗ್ಗೆ ಸಾಕು.

ಈ ಜೋಡಿ ಎಷ್ಟು ದೂರ ಬಂದ್ವಿ ಅಂತ ಮಾತ್ರ ಹೇಳಲ್ಲ. ಎಲ್ಲಿ ತಿರುಗ್ಬೇಕು ಅನ್ನೋದಕ್ಕೆ ಪಕ್ಕದ ದಡದಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದಿದೀನಿ, ಅದು ಸರಿಯಾಗಿ ಭುಜದ ನೇರಕ್ಕೆ ಬಂದಾಗ ಇಂಜಿನ್ ವೇಗ ಇಳಿಸಿ ತಿರುಗೋದು.