ತುಂಗಭದ್ರೆಯ ಜೀವಗಳ ಲೆಕ್ಕ ಇಡುವುದು ಹೇಗೆ?

‘ಮೊದಲು ಹೊಳೆ ತುಂಬ ಮೀನಿತ್ತು’ ಎಂಬ ಹಿರಿಯರ ಮಾತು ನಿಜವೇ ಇರಬಹುದು. ಆದರೆ ಮರಳು ಎತ್ತುವುದನ್ನು, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ನಿಲ್ಲಿಸಿ ಎಂದು ಕೇಳಲು ವರ್ಷವಾರು ದಾಖಲೆ ಬೇಕು. ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮುನಿರಾಬಾದ್, ಆನೆಗೊಂದಿ, ಕಂಪ್ಲಿ ಕಡೆಯ ವಿದ್ಯಾರ್ಥಿಗಳು ಮತ್ತು ಮೀನುಗಾರರು ಒಟ್ಟಾದರೆ ಇಲ್ಲಿನ ದಾಖಲೆಯನ್ನು ತಾವೇ ಕಟ್ಟಬಹುದು.

ಮೊದಲು ಜಾಗ ಗೊತ್ತುಮಾಡಿ. ದಡದ ಉದ್ದಕ್ಕೆ ಒಂದೊಂದು ಕಿಲೋಮೀಟರಿನ ಕೆಲವು ತುಂಡುಗಳು ಸಾಕು. ಬಂಡೆಗಳಿರುವ ಕಡೆ, ಮರಳ ದಿಬ್ಬ, ಗದ್ದೆಯ ನೀರು ಬಂದು ಸೇರುವ ಹಳ್ಳದ ಬಾಯಿ, ಮೀಸಲು ಪ್ರದೇಶದ ಆಚೆಗಿನ ಒಂದು ಜಾಗ, ಹೀಗೆ ಬೇರೆ ಬೇರೆ ಬಗೆಯವು ಇರಲಿ. ಜೀವಿಗಳು ಹೆಚ್ಚು ಕಾಣುವ ಜಾಗವನ್ನೇ ಆರಿಸಿಕೊಂಡರೆ ಲೆಕ್ಕ ಹಾಳಾಗುತ್ತದೆ. ಮೀಸಲು ಪ್ರದೇಶದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮೊಸಳೆಗಳಿರುವ ಹೊಳೆಯಾದ್ದರಿಂದ ನೀರಿಗೆ ಇಳಿಯಬೇಡಿ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳು, ಅದೇ ಹೊತ್ತು, ಅಷ್ಟೇ ಜನ. ಒಂದು ವರ್ಷ ಇಬ್ಬರು ನೋಡಿ, ಮುಂದಿನ ವರ್ಷ ಹತ್ತು ಮಂದಿ ನೋಡಿದರೆ ಹಕ್ಕಿಗಳ ಸಂಖ್ಯೆ ಏರಿದಂತೆ ಕಾಣುತ್ತದೆ; ನಿಜವಾಗಿ ಏರಿದ್ದು ಕಣ್ಣುಗಳ ಸಂಖ್ಯೆ. ಏನೂ ಕಾಣದ ದಿನವನ್ನೂ ಬರೆಯಿರಿ. ‘ಹುಡುಕಿದೆವು, ಸಿಗಲಿಲ್ಲ’ ಎಂಬುದು ಅಮೂಲ್ಯ ಮಾಹಿತಿ. ಆ ದಿನ ಜಲಾಶಯದಿಂದ ಬಿಟ್ಟ ನೀರಿನ ಪ್ರಮಾಣವೂ ಜೊತೆಗಿರಲಿ. ಅದು ಪತ್ರಿಕೆಗಳಲ್ಲೇ ಸಿಗುತ್ತದೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ (ನೀರು ಬಿಡುವ ಬಾಗಿಲು) ಕೊಚ್ಚಿಹೋದಾಗ ಹರಿದಂಥ ನೀರು ದಡದ ಮೇಲಿನ ಹೆಜ್ಜೆ, ಹಿಕ್ಕೆಯಂಥ ಗುರುತುಗಳನ್ನೆಲ್ಲ ತೊಳೆದುಬಿಡಬಲ್ಲದು. ಆ ಟಿಪ್ಪಣಿ ಇಲ್ಲದಿದ್ದರೆ ಮುಂದೆ ಓದುವವರು ನೀರುನಾಯಿಯೇ ಮಾಯವಾಯಿತೆಂದು ತಿಳಿಯುತ್ತಾರೆ.

ಯಾವುದನ್ನು ಎಣಿಸಬೇಕು? ಎಲ್ಲವನ್ನೂ ಅಲ್ಲ. ನೀರುನಾಯಿ ಕಣ್ಣಿಗೆ ಬೀಳುವುದು ಅಪರೂಪ. ಆದರೆ ಮೀನಿನ ಹುರುಪೆ ತುಂಬಿದ ಅದರ ಹಿಕ್ಕೆ ಬಂಡೆಗಳ ಮೇಲೆ, ಐದು ಬೆರಳಿನ ಹೆಜ್ಜೆ ಒದ್ದೆ ಮರಳಿನಲ್ಲಿ ಸಿಗುತ್ತವೆ. ಹಕ್ಕಿಗಳಲ್ಲಿ ಮರಳ ದಿಬ್ಬದ ಮೇಲೆ ಮೊಟ್ಟೆಯಿಡುವ ನದಿ ರೀವವನ್ನು (ರಿವರ್ ಟರ್ನ್) ಬಿಡಬೇಡಿ. ಮರಳು ಹೋದರೆ ಮೊದಲು ನೆಲೆ ತಪ್ಪುವುದು ಅದಕ್ಕೇ. ಮೀನಿಗೆ ಬಲೆ ಬೀಸಬೇಕಾಗಿಲ್ಲ. ಮೀನುಗಾರರು ದಡಕ್ಕೆ ತಂದದ್ದನ್ನು, ಬಲೆಯ ಕಣ್ಣಿನ ಅಳತೆ ಮತ್ತು ಬಲೆ ನೀರಿನಲ್ಲಿದ್ದ ಹೊತ್ತಿನ ಸಮೇತ ಬರೆದುಕೊಳ್ಳಿ.

ಬಳಿಕ ಹೋಲಿಕೆ. ಇಲ್ಲಿ ಹಲವರು ಎಡವುತ್ತಾರೆ. ಮೊದಲ ವರ್ಷ 12 ಜಾತಿಯ ಮೀನು, ಐದು ವರ್ಷದ ಬಳಿಕವೂ 12 ಎಂದುಕೊಳ್ಳಿ. ಹೊಳೆ ಕ್ಷೇಮವೇ? ಎರಡೂ ಪಟ್ಟಿಗಳಲ್ಲಿ ಇರುವ ಜಾತಿಗಳು 8 ಮಾತ್ರವಾದರೆ, ನಾಲ್ಕು ಹೋಗಿ ನಾಲ್ಕು ಬಂದಿವೆ. ಎರಡೂ ಪಟ್ಟಿ ಸೇರಿ ಒಟ್ಟು 16 ಜಾತಿ. 8ನ್ನು 16ರಿಂದ ಭಾಗಿಸಿದರೆ 0.5, ಅಂದರೆ ಹೋಲಿಕೆ ಅರ್ಧದಷ್ಟೇ. ಹೋದದ್ದು ನಮ್ಮ ಹೊಳೆಯ ಮೀನು, ಬಂದದ್ದು ಹೊರದೇಶದ ಜಿಲೇಬಿ ಮೀನು (ತಿಲಾಪಿಯಾ) ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಆದರೆ ಅದು ದೊಡ್ಡ ನಷ್ಟ. ಕಟ್ಲಾ, ರೋಹು ಕೂಡ ಮೂಲತಃ ಉತ್ತರ ಭಾರತದ ನದಿಗಳವು. ಆದ್ದರಿಂದ ಬರೀ ಸಂಖ್ಯೆ ಬರೆಯದೆ ಹೆಸರುಗಳನ್ನು ಬರೆಯಿರಿ.

ಕೊನೆಗೆ ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನೀರುನಾಯಿಯ ಗುರುತು ಒಂದೇ ತುಂಡಿನಲ್ಲಿ ಕಡಿಮೆಯಾಗಿದ್ದರೆ ಕಾರಣವೂ ಬಹುಶಃ ಅಲ್ಲೇ ಇದೆ: ಮರಳು ಸಾಗಣೆ, ಸಿಡಿಮದ್ದು, ಪೊದೆಗೆ ಇಟ್ಟ ಬೆಂಕಿ. ಎಲ್ಲ ಕಡೆಯೂ ಇಳಿದಿದ್ದರೆ ನೀರು ಬಿಡುವ ಕ್ರಮವನ್ನೋ ನೀರಿನ ಗುಣಮಟ್ಟವನ್ನೋ ಪರೀಕ್ಷಿಸಬೇಕು. ಒಂದೇ ವರ್ಷದ ಏರಿಳಿತ ನೋಡಿ ತೀರ್ಮಾನಕ್ಕೆ ಬರಬೇಡಿ. ಮಳೆ ಕೈಕೊಟ್ಟ ವರ್ಷವೂ ಇರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ದಾಖಲೆಯಾದ ‘ಜನತಾ ಜೀವವೈವಿಧ್ಯ ದಾಖಲಾತಿ’ ಇಡಬೇಕು. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಅಲ್ಲಿಗೂ ಇನ್ನೊಂದನ್ನು ವಲಯ ಅರಣ್ಯಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.