ಗುಜರಿ ಸೆಲ್ಲಿಗೆ ಮೂರು ವಾರದ ವನವಾಸ

ಎಣ್ಣಿ (ಬೆಳೆಯ ಕೀಟನಾಶಕ) ಹೊಡೆಯುವ ಬೆನ್ನಿನ ಪಂಪಿಗೆ ಹಳೇ ಲ್ಯಾಪ್‌ಟಾಪ್ ಸೆಲ್ಲು ಅಂದಾಗ ಸಿಂಧನೂರು, ಕಾರಟಗಿ ಕಡೆ 'ಒಂದು ಹಂಗಾಮೂ ಬಾಳಂಗಿಲ್ಲ ಬಿಡ್ರಿ' ಅಂದವರೇ ಹೆಚ್ಚು. ಸೆಲ್ಲು ಜೋಡಿಸಿ ನಾವು ಕೊಟ್ಟ ಸುಮಾರು 40 ಪ್ಯಾಕಿನಲ್ಲಿ ಮೂರು ಬಿಟ್ಟು ಉಳಿದವು ಎರಡನೇ ಭತ್ತದ ಹಂಗಾಮು ದಾಟಿವೆ.

ಈ ಸೆಲ್ಲುಗಳಲ್ಲಿ ಕೋಬಾಲ್ಟ್ ಇದೆ. ಲೋಕದ ಕೋಬಾಲ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಕಾಂಗೋ ದೇಶದ್ದು. ಒಂದಿಷ್ಟು ಬರಿಗೈಲಿ ಅಗೆದದ್ದು, ಮಕ್ಕಳೂ ದುಡಿದದ್ದು. ಸಂಡೂರಿನ ಕೆಂಧೂಳು ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅರ್ಧ ಆಯುಷ್ಯ ಉಳಿದ ಸೆಲ್ಲು ಗುಜರಿ ಸೇರಿದರೆ ಇನ್ನೆಲ್ಲೋ ಮತ್ತೊಂದು ಗುಂಡಿ ತೋಡುತ್ತಾರೆ.

ಹಳೇ ಸೆಲ್ಲು ಗುಜರಿಯಲ್ಲಿ ಕೆಜಿಗೆ 200 ರೂಪಾಯಿ ಆಜುಬಾಜು, 22 ಸೆಲ್ಲು ಬರುತ್ತವೆ. 2 ವೋಲ್ಟಿಗಿಂತ ಕೆಳಗಿದ್ದದ್ದು, ತುಕ್ಕು ಹಿಡಿದದ್ದು, ಚಾರ್ಜಿನಲ್ಲಿ ಕೈಗೆ ಬಿಸಿ ತಾಗುವುದು ನೇರ ಹೊರಗೆ. ಉಳಿದದ್ದನ್ನು ತುಂಬಿಸಿ, 1 ಆಂಪ್ ಲೋಡಿನಲ್ಲಿ 2.8 ವೋಲ್ಟಿನವರೆಗೆ ಇಳಿಸಿ, ಕೆಪ್ಯಾಸಿಟಿ (ಸೆಲ್ಲು ಹಿಡಿದಿಡುವ ಚಾರ್ಜು) 1900 ಎಂಎಎಚ್ ದಾಟಿದ್ದನ್ನಷ್ಟೇ ಇಟ್ಟುಕೊಳ್ಳಿ. ನೂರಕ್ಕೆ 55 ಉಳಿದರೆ ಪುಣ್ಯ.

ಮೊದಲ ಸಲ ಕೆಟ್ಟದ್ದು ಇಲ್ಲೇ. ಕೆಪ್ಯಾಸಿಟಿ ನೋಡಿ ಅವತ್ತೇ ಜೋಡಿಸಿದ ಆ ಮೂರು ಪ್ಯಾಕು ಎರಡೇ ತಿಂಗಳಿಗೆ ಮಲಗಿದವು. ನಾಲ್ಕರ ಗುಂಪಿನಲ್ಲಿ ಚಾರ್ಜು ಸೋರುವ ಒಂದು ಸೆಲ್ಲು ಪಕ್ಕದ ಮೂರನ್ನೂ ಕುಡಿದು ಹಾಕುತ್ತದೆ, ಗುಂಪು ಇಳಿದ ಕೂಡಲೇ ಬಿಎಂಎಸ್ (ಪ್ಯಾಕನ್ನು ಕಾಯುವ ಪುಟ್ಟ ಸರ್ಕ್ಯೂಟು) ಇಡೀ ಪ್ಯಾಕಿಗೆ ಕತ್ತರಿ ಹಾಕುತ್ತದೆ. ಹಾಗಾಗಿ 4.2 ವೋಲ್ಟಿಗೆ ತುಂಬಿಸಿ, ಒಂದು ದಿನ ಬಿಟ್ಟು ವೋಲ್ಟಿನ ಅಳತೆಯನ್ನು ಸೆಲ್ಲಿನ ಮೈಮೇಲೇ ಬರೆದು, 21 ದಿನ ಇಡಬೇಕು. 0.05 ವೋಲ್ಟಿಗಿಂತ ಹೆಚ್ಚು ಬಿದ್ದದ್ದು ಬೇಡ. ತಗಡಿನ ಶೆಡ್ಡಿನಲ್ಲಿ ಮಾತ್ರ ಇಡಬೇಡಿ. ರಾಯಚೂರಿನ ಮೇ ಬಿಸಿಲಿಗೆ ಒಳ್ಳೇ ಸೆಲ್ಲೂ ಸೋರಿ, ಸುಳ್ಳು ಲೆಕ್ಕ ಕೊಡುತ್ತದೆ.

ಸಮಾಂತರವಾಗಿ ನಾಲ್ಕರಂತೆ ಮೂರು ಗುಂಪು, ಆ ಗುಂಪುಗಳು ಸರಣಿಯಲ್ಲಿ 11.1 ವೋಲ್ಟ್. ಮೂರೂ ಗುಂಪಿನ ಕೆಪ್ಯಾಸಿಟಿ ಮೊತ್ತ ಸರಿದೂಗಿಸುವುದು ಗೊತ್ತಿದ್ದದ್ದೇ. ಯಾವ ಸೆಲ್ಲಿನ ಪಕ್ಕ ಯಾವುದನ್ನು ಕೂರಿಸುವುದು ಅನ್ನೋದು ಅಂಗಡಿ ಗುಟ್ಟು, ಅದನ್ನು ಬರೆಯುವುದಿಲ್ಲ. ಸೆಲ್ಲು ಜೋಡಿಸುವ ನಿಕ್ಕೆಲ್ ಪಟ್ಟಿ ಅಂತ ಲೇಪನದ ಕಬ್ಬಿಣ ಮಾರುತ್ತಾರೆ: ಗೀರಿ ರಾತ್ರಿಯಿಡೀ ಉಪ್ಪುನೀರಿಗೆ ಹಾಕಿ, ಬೆಳಿಗ್ಗೆ ತುಕ್ಕು ಕಂಡರೆ ವಾಪಸ್ ಕೊಡಿ.

ಚಾರ್ಜರ್ ಬದಲಿಸಲೇಬೇಕು. ಪಂಪಿನ ಹಳೇ ಸೀಸದ ಬ್ಯಾಟರಿಯದು 14.4 ವೋಲ್ಟ್ ಕೊಡುತ್ತದೆ, ಇದಕ್ಕೆ 12.6 ಮೀರಕೂಡದು. ಎಷ್ಟು ಹೇಳಿದರೂ ಮನೆಯಲ್ಲಿ ಹಳೇದನ್ನೇ ಚುಚ್ಚುತ್ತಾರೆ. ಕೊನೆಗೆ ಪಿನ್ನೇ ಬೇರೆ ಅಳತೆಯದು ಹಾಕಿದ ಮೇಲೆ ಆ ತಂಟೆ ತೀರಿತು. ನಾಲ್ಕು ಗುಂಪು ಸರಣಿ ಮಾಡಿದರೆ ಪ್ರೆಶರ್ ಜೋರು, ಆದರೆ 16.8 ವೋಲ್ಟಿಗೆ ಎರಡು ಮೋಟರ್ ಸುಟ್ಟವು.

ಸೆಲ್ಲು 200, ಬಿಎಂಎಸ್ 120, ಚಾರ್ಜರ್ 180, ಪಟ್ಟಿ-ಕಾಗದ-ಹೊರಹೊದಿಕೆ 80ರ ಸುಮಾರು: ಕೂಲಿ ಬಿಟ್ಟು 600ರೊಳಗೆ. 8 ಎಎಚ್‌ನ ಹೊಸ ಸೀಸದ ಬ್ಯಾಟರಿ 850, ತೂಕ ಎರಡು ಕೆಜಿ ಮೇಲೆ. ಇದು ಅರ್ಧ ಕೆಜಿ ಚಿಲ್ಲರೆ. ಬೆಲೆಗಿಂತ ಬೆನ್ನಿನ ಹಗುರಕ್ಕೇ ಹೆಚ್ಚು ಗಿರಾಕಿ.

ತಿರಸ್ಕರಿಸಿದ ಸೆಲ್ಲನ್ನು ಉಪ್ಪುನೀರಿಗೆ ಹಾಕಬೇಡಿ, ತುದಿ ತುಕ್ಕು ಹಿಡಿದು ಒಳಗಿನದು ಸೋರುತ್ತದೆ. ಬಲ್ಬು ಕಟ್ಟಿ ಖಾಲಿ ಮಾಡಿ, ಎರಡೂ ತುದಿಗೆ ಟೇಪು ಸುತ್ತಿ, ಒಣ ಮರಳಿನ ಡಬ್ಬದಲ್ಲಿಟ್ಟು ನೋಂದಾಯಿತ ರೀಸೈಕ್ಲರ್‌ಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಆ ದಾರಿಯಿದೆ. ಗುಜರಿಯವರು ಕೆಜಿಗೆ ಹತ್ತು ರೂಪಾಯಿ ಹೆಚ್ಚು ಕೊಡ್ತೀವಿ ಅಂತಾರೆ. ಒಡೆದು ಸುಡುವವರಿಗೇ ಅದು ಹೋಗುತ್ತದೆ.